ಮಲಾರ ಹೊತ್ತ ಹುಡುಗನೂ ಸತ್ಯಾಣುವ್ರತವೂ

ಎಂದೋ ಬಾಳಿಹೋದ ವ್ಯಕ್ತಿಯ ಹೆಸರನ್ನು ಇರಿಸಿಕೊಂಡು, ಅವನು ಆಡದ ಮಾತನ್ನು ಅವನ ಬಾಯಿಂದ ಆಡಿಸಿ, ನಡೆಯದ ಘಟನೆಯನ್ನು ನಡೆದಂತೆ ಬರೆಯುವುದು ಅಸತ್ಯವಲ್ಲವೇ? ಐತಿಹಾಸಿಕ ಕಾದಂಬರಿಯನ್ನು ಓದಿದ, ನಾಟಕವನ್ನು ನೋಡಿದ ಶ್ರಾವಕನ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಪಂಚಾಣುವ್ರತಗಳಲ್ಲಿ ಸತ್ಯವೂ ಒಂದು. ಅಂಗಡಿಯ ತಕ್ಕಡಿಗೆ ಅನ್ವಯಿಸುವ ವ್ರತ ಲೇಖನಿಗೆ ಅನ್ವಯಿಸುವುದಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಬ್ಬ ಹುಡುಗನನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಆ ಹುಡುಗ ಕವಿ ರನ್ನ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ, ಅಂದಿನ ಮುದುವೊಳಲು, ಅವನ ಊರು. ಜನನ ಕ್ರಿ.ಶ. 949. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಮನೆತನದ ವೃತ್ತಿ ಬಳೆ ಮಾರಾಟ. ಅಲ್ಲಿಂದ ಹೊರಟ ಹುಡುಗ ಅಜಿತಸೇನಾಚಾರ್ಯರ ಶಿಷ್ಯನಾದ, ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ಪಡೆದ, ಕೊನೆಗೆ ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿಚಕ್ರವರ್ತಿ ಎನಿಸಿದ. ಪಂಪ, ಪೊನ್ನರೊಂದಿಗೆ ರತ್ನತ್ರಯರಲ್ಲಿ ಒಬ್ಬನಾದ.

ಇಷ್ಟು ದಾಖಲೆ. ಕಥೆಗಾರನಿಗೆ ಇಷ್ಟು ಸಾಲದು. ಮುಧೋಳದಿಂದ ಶ್ರವಣಬೆಳಗೊಳಕ್ಕೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹುಡುಗ ಆ ಕಡೆಗೆ ಯಾವ ವಯಸ್ಸಿನಲ್ಲಿ ಹೊರಟ, ಒಬ್ಬನೇ ಹೊರಟನೋ, ತಾಯಿ ಬುತ್ತಿ ಕಟ್ಟಿಕೊಟ್ಟಳೋ ಕಣ್ಣೀರು ಹಾಕಿದಳೋ, ಯಾವ ಗ್ರಂಥವೂ ಹೇಳುವುದಿಲ್ಲ. ಆದರೂ ತಾಯಿ ಬುತ್ತಿ ಕಟ್ಟಿದಳೆಂದು ಬರೆದರೆ ಯಾರಿಗೆ ಏನು ನಷ್ಟ? ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರ ಹೆಗಲ ಮೇಲೆ, ಬಾಯಲ್ಲಿ ಕಲಿತಷ್ಟು ಪದ್ಯ, ಹೀಗೆ ಒಂದು ಓಣಿಯಲ್ಲಿ ಅವನನ್ನು ನಡೆಸಿದರೆ ಯಾರ ಮೇಲೂ ಅಪವಾದ ಬರುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಸತ್ಯವನ್ನು ವಿವರಿಸುವಾಗ ಪ್ರಮಾದವನ್ನು, ಎಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿ ಇರಿಸುತ್ತದೆ. ಇದು ಕಥೆ ಎಂದು ಹೇಳುವವನಿಗೂ ಕೇಳುವವನಿಗೂ ತಿಳಿದಿರುವಾಗ ಬುತ್ತಿಯ ಗಂಟಿನಲ್ಲಿ ಕಷಾಯವನ್ನು ಹುಡುಕುವುದು ಅತಿಯಾದೀತು.

ತೊಡಕು ಬರುವುದು ಇನ್ನೊಂದು ಕಡೆಯಿಂದ. ಬಡ ಹುಡುಗನ ಕಥೆಗೆ ಅಡ್ಡ ನಿಲ್ಲುವವನೊಬ್ಬ ಬೇಕು. ಅಡ್ಡಿಯಿಲ್ಲದ ಗೆಲುವಿಗೆ ಪ್ರೇಕ್ಷಕರು ಚಪ್ಪಾಳೆ ತಟ್ಟುವುದಿಲ್ಲ. ಆದುದರಿಂದ ರನ್ನನ ಬಾಲ್ಯವನ್ನು ಕಥೆಯಾಗಿಸಲು ಕುಳಿತವನ ಲೇಖನಿ ತಾನಾಗಿಯೇ ಗುರುಕುಲದ ಬಾಗಿಲಿಗೆ ಹರಿಯುತ್ತದೆ. ಹುಡುಗ ಕೈಮುಗಿದು ನಿಂತಿದ್ದಾನೆ. ಗುರುಗಳು ಕುಲ ಕೇಳುತ್ತಾರೆ. ಬಳೆಗಾರರ ಮಗನೆಂದು ತಿಳಿದೊಡನೆ ಮುಖ ಗಂಟಿಕ್ಕುತ್ತಾರೆ, ವ್ಯಾಕರಣ ನಿನಗೇಕೆ, ಹೋಗಿ ಬಳೆ ಮಾರು ಎನ್ನುತ್ತಾರೆ. ದೃಶ್ಯ ರಂಜಕವಾಗಿದೆ, ಮಕ್ಕಳಿಗೆ ಅಭಿನಯಿಸಲೂ ಸುಲಭ. ಆದರೆ ಆ ಗುರುಗಳಿಗೆ ಹೆಸರಿದೆ, ಅವರು ಅಜಿತಸೇನಾಚಾರ್ಯರು. ಗಂಗ ಅರಸ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡದ್ದು ಅವರ ಸನ್ನಿಧಿಯಲ್ಲಿ. ಚಾವುಂಡರಾಯನಿಗೂ ಅವರು ಗುರುಗಳು. ಅರಸನ ಅಂತ್ಯಕಾಲದಲ್ಲಿ ಬಳಿಯಿದ್ದ ಆಚಾರ್ಯರೇ ಬಳೆಗಾರರ ಮಗನನ್ನೂ ಶಿಷ್ಯನನ್ನಾಗಿ ಸ್ವೀಕರಿಸಿದರು ಎಂಬುದು ದಾಖಲೆಯ ಮಾತು. ಆ ಶಿಷ್ಯನೇ ತನ್ನ ಗುರು ಇವರೆಂದು ಗೌರವದಿಂದ ಬರೆದಿರಿಸಿದ್ದಾನೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದು ಉಂಟು. ಒಬ್ಬನು ಹೇಳದಿದ್ದುದನ್ನು, ಮಾಡದಿದ್ದುದನ್ನು, ಅವನು ಹೇಳಿದನೆಂದೂ ಮಾಡಿದನೆಂದೂ ಬರವಣಿಗೆಯಲ್ಲಿ ಸೃಷ್ಟಿಸುವುದು ಅದರ ಅರ್ಥ. ಸುಳ್ಳು ಪತ್ರ ಎಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನ ಗೆಲುವು ದೊಡ್ಡದಾಗಿ ಕಾಣಲೆಂದು ಮುನಿಯೊಬ್ಬರ ಹೆಸರಿಗೆ ಕ್ರೌರ್ಯವನ್ನು ಬರೆದರೆ ಅದು ಈ ಅತಿಚಾರಕ್ಕೆ ಬಹಳ ಹತ್ತಿರ ಬರುತ್ತದೆ. ತಾಯಿ ಕಟ್ಟಿದ ಬುತ್ತಿಯೂ ಕಲ್ಪನೆ, ಗುರುಗಳ ಗಂಟುಮೋರೆಯೂ ಕಲ್ಪನೆ. ಮೊದಲನೆಯದರಿಂದ ಯಾರ ಖಾತೆಗೂ ಸಾಲ ಬೀಳುವುದಿಲ್ಲ, ಎರಡನೆಯದು ಸತ್ತು ಸಾವಿರ ವರ್ಷವಾದವರ ಖಾತೆಗೆ ಖರ್ಚು ಬರೆಯುತ್ತದೆ. ಅವರು ಎದ್ದುಬಂದು ಲೆಕ್ಕ ತಿದ್ದುವಂತಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಮುಚ್ಚಿಡಬಾರದು. ಆ ಕಾಲದಲ್ಲಿ ಕುಲದ ಅಡ್ಡಿ ಇರಲಿಲ್ಲವೇ? ಇತ್ತು. ಒಬ್ಬ ರನ್ನನಿಗೆ ಬಾಗಿಲು ತೆರೆಯಿತೆಂದು ಎಲ್ಲರಿಗೂ ತೆರೆದಿತ್ತು ಎನ್ನಲಾಗದು. ಅದೇ ಓಣಿಯಲ್ಲಿ ಅವನೊಡನೆ ಮಲಾರ ಹೊತ್ತ ಬೇರೆ ಹುಡುಗರೂ ಇದ್ದಿರಲೇಬೇಕು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಯಾವ ಓಲೆಗರಿಯಲ್ಲೂ ಇಲ್ಲ. ದಾಖಲೆ ಇರುವುದನ್ನೇ ಹೇಳಬೇಕು ಎಂದು ಹಟ ಹಿಡಿದರೆ ಇತಿಹಾಸವೆಲ್ಲ ಗೆದ್ದವರ, ಬರೆಸಿದವರ ಕಥೆಯಾಗಿಯೇ ಉಳಿಯುತ್ತದೆ. ದಾಖಲೆಯಿಲ್ಲದವರಿಗೆ ಕಥೆಯೊಂದೇ ಆಸರೆ. ಈ ಮಾತನ್ನು ಒಪ್ಪಲೇಬೇಕು. ಒಪ್ಪಿದರೂ ಅಜಿತಸೇನರ ಮೇಲೆ ಅಪವಾದ ಹೊರಿಸುವ ಅಗತ್ಯ ಅದರಿಂದ ಹುಟ್ಟುವುದಿಲ್ಲ. ಕುಲದ ಹೆಸರು ಹಿಡಿದು ಹುಡುಗನನ್ನು ಹಂಗಿಸುವ ದಾರಿಹೋಕನೊಬ್ಬನನ್ನು, ಜಗಲಿಯಿಂದ ಇಳಿ ಎನ್ನುವ ಧನಿಕನೊಬ್ಬನನ್ನು ಕಥೆಗಾರ ಸೃಷ್ಟಿಸಿಕೊಳ್ಳಲಿ. ಹೆಸರಿಲ್ಲದ ಆ ಪಾತ್ರ ಒಂದು ಕಾಲದ ತಪ್ಪನ್ನು ಹೊರುತ್ತದೆ, ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದಿಲ್ಲ. ದೀಕ್ಷೆ, ವಿದ್ಯೆ, ವಿವಾಹ ಎಲ್ಲದರಲ್ಲೂ ಕುಲವನ್ನೇ ಮೊದಲು ಕೇಳುವ ರೋಗ ಅಂದಿಗೇ ಮುಗಿಯಿತೆಂದು ಯಾವ ಮನೆಯವರೂ ಎದೆ ಮುಟ್ಟಿ ಹೇಳಲಾರರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳಲ್ಲಿ ಕುಲಮದವನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು, ಭಕ್ತಿಯ ವೇಷದಲ್ಲೇ ಬರುವಂಥದು. ನ್ಯಾಸಾಪಹಾರ ಎಂಬ ಅತಿಚಾರವನ್ನು ಟೀಕಾಕಾರರು ಹೀಗೆ ವಿವರಿಸುತ್ತಾರೆ: ಒಬ್ಬನು ಹಣವನ್ನು ಇರಿಸಲು ಕೊಟ್ಟು, ಮುಂದೆ ಲೆಕ್ಕ ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿ ಕೊಟ್ಟುಬಿಡುವುದು. ಹತ್ತು ಇಟ್ಟವನು ಎಂಟು ಕೇಳಿದ, ಎಂಟು ಕೊಟ್ಟೆ. ಬಾಯಿಂದ ಬಂದದ್ದು ಒಂದೇ ಮಾತು, ಆದರೂ ಎರಡು ರೂಪಾಯಿ ಮುಳುಗಿತು. ರನ್ನನು ತನ್ನ ಬಗ್ಗೆ ಬಿಟ್ಟುಹೋದ ಮಾತುಗಳು ಅವನು ಇರಿಸಿಹೋದ ನ್ಯಾಸ. ಅಜಿತಪುರಾಣದಲ್ಲಿ ಅವನು ತನ್ನ ಬಳೆಗಾರ ಕುಲವನ್ನು ಮುಚ್ಚಿಡಲಿಲ್ಲ. ಕವಿಚಕ್ರವರ್ತಿಯಾದ ಮೇಲೆ, ಬಿರುದು ಬಂದ ಮೇಲೆ, ಹಳೆಯ ವೃತ್ತಿಯನ್ನು ಮರೆಸಲು ಯಾರ ಅಡ್ಡಿಯೂ ಇರಲಿಲ್ಲ. ಬರೆದೇ ಇಟ್ಟ. ಇಂದು ಅವನನ್ನು ಹೊಗಳುವ ಉತ್ಸಾಹದಲ್ಲಿ ಬಳೆಯ ಮಾತನ್ನು ಹಾರಿಸಿ, ಘನವಂತ ಕುಲದಲ್ಲಿ ಜನಿಸಿದ ಎಂದಷ್ಟೇ ಹೇಳಿ ಮುಗಿಸುವವರು ಅವನ ಹತ್ತರಲ್ಲಿ ಎರಡನ್ನು ಉಳಿಸಿಕೊಳ್ಳುತ್ತಾರೆ.

ಎಲ್ಲವನ್ನೂ ತಾನೇ ಸಾಧಿಸಿದನೆಂದು ಹೇಳುವ ಕಥೆಯೂ ಅದೇ ನ್ಯಾಸವನ್ನು ಇನ್ನೊಂದು ತುದಿಯಿಂದ ಕಡಿಮೆ ಮಾಡುತ್ತದೆ. ಏಕಾಂಗಿ ಹುಡುಗ, ಎದುರಿಗೆ ಲೋಕ, ಕೊನೆಗೆ ಜಯ: ಈ ಅಚ್ಚು ಇಂದಿನ ಸಿನಿಮಾಕ್ಕೆ ಹಿತ. ರನ್ನನ ಬದುಕು ಆ ಅಚ್ಚಿನಲ್ಲಿ ಕೂಡುವುದಿಲ್ಲ. ರಾಷ್ಟ್ರಕೂಟರ ಸಾಮ್ರಾಜ್ಯ ಉರುಳಿದ 973ರಲ್ಲಿ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಅಂತಹ ಕಾಲದಲ್ಲಿ ಅವನನ್ನು ಎತ್ತಿ ನಿಲ್ಲಿಸಿದ ಕೈಗಳು ಹಲವು. 993ರಲ್ಲಿ ಅಜಿತಪುರಾಣವನ್ನು ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪತಿ ನಾಗದೇವನನ್ನು ಕಳೆದುಕೊಂಡ ಮೇಲೆ, ಸಹಗಮನ ಮಾಡಿದ ತಂಗಿ ಗುಂಡಮಬ್ಬೆಯ ದಾರಿಯನ್ನು ಹಿಡಿಯದೆ, ಮಗನನ್ನು ಬೆಳೆಸಿ, ಧರ್ಮಕ್ಕೆ ಬಾಳನ್ನು ಮುಡಿಪಿಟ್ಟವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಓಲೆ, ಎಷ್ಟು ಲಿಪಿಕಾರರು, ಎಷ್ಟು ತಿಂಗಳ ಅನ್ನ ಎಂಬುದನ್ನು ಲೆಕ್ಕ ಬಲ್ಲವರು ಊಹಿಸಬಹುದು. 1007ರ ಲಕ್ಕುಂಡಿಯ ಶಾಸನ ಅವಳ ಜಿನಾಲಯವನ್ನೂ ಗುಣಗಳನ್ನೂ ಹೇಳುತ್ತದೆ. ಅವಳನ್ನು ಬಿಟ್ಟು ರನ್ನನ ಕಥೆ ಹೇಳುವುದು ಸಾಲಗಾರನ ಆಸ್ತಿಯನ್ನು ತೋರಿಸಿ ಸಾಲಪತ್ರವನ್ನು ಅಡಗಿಸಿದಂತೆ.

ರನ್ನನೂ ಹಳೆಯ ಕಥೆಗೆ ಕಲ್ಪನೆ ಬೆರೆಸಿದವನೇ. ಗದಾಯುದ್ಧದಲ್ಲಿ ಅವನು ಭೀಮನನ್ನು ತನ್ನ ಒಡೆಯ ಸತ್ಯಾಶ್ರಯ ಇರಿವಬೆಡಂಗನೊಂದಿಗೆ ಒಂದುಗೂಡಿಸಿ ಹಾಡಿದ. ಹಾಗಿರುವಾಗ ಎದುರಾಳಿ ದುರ್ಯೋಧನನನ್ನು ಎಷ್ಟು ಕೀಳಾಗಿ ಬರೆದಿದ್ದರೂ ಆಸ್ಥಾನದಲ್ಲಿ ಮೆಚ್ಚುಗೆಯೇ ಸಿಗುತ್ತಿತ್ತು. ಅವನು ಮಾಡಿದ್ದು ಬೇರೆ. ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನ, ಬಿದ್ದ ಗುರು ದ್ರೋಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಮರುಗುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಒಡೆಯನ ಗೆಲುವನ್ನು ಹಾಡಲು ಸೋತವನನ್ನು ಹೀಗಳೆಯುವ ಅಗತ್ಯ ಆ ಬಳೆಗಾರರ ಮಗನಿಗೆ ಕಾಣಲಿಲ್ಲ. ಅವನ ಕಥೆಯನ್ನು ಹೇಳುವವರು ಅವನ ಗುರುವಿಗಾದರೂ ಅಷ್ಟು ಔದಾರ್ಯ ತೋರಬಾರದೇ?

ಬೋವಿಕಾನದಂತಹ ಊರಿನಲ್ಲಿ ಈ ವಿಚಾರಕ್ಕೆ ಹೆಚ್ಚಿನ ತೂಕವಿದೆ. ಇಲ್ಲಿಯ ಪೇಟೆಯಲ್ಲಿ ಕನ್ನಡ, ಮಲಯಾಳ, ತುಳು, ಮರಾಠಿ ಒಟ್ಟಿಗೇ ಕೇಳಿಬರುತ್ತವೆ. ಮಲಯಾಳ ಶಾಲೆಯಲ್ಲಿ ಓದುವ ಮಗುವಿಗೆ, ಮನೆಯಲ್ಲಿ ಗುಜರಾತಿಯನ್ನೋ ಹಿಂದಿಯನ್ನೋ ಆಡುವ ಮಗುವಿಗೆ, ರನ್ನನು ಪಠ್ಯಪುಸ್ತಕದ ಮೂಲಕ ಬರುವುದಿಲ್ಲ. ಅಜ್ಜಿ ಹೇಳಿದ ಕಥೆಯಿಂದಲೋ ಉತ್ಸವದ ವೇದಿಕೆಯ ನಾಟಕದಿಂದಲೋ ಬರಬೇಕು. ಮುಂದೆ ಮೂಲವನ್ನು ಓದಿ ತಿದ್ದಿಕೊಳ್ಳುವ ಅವಕಾಶ ಆ ಮಗುವಿಗೆ ಕಡಿಮೆ. ಹದಿನೈದು ನಿಮಿಷದ ದೃಶ್ಯದಲ್ಲಿ ಕಂಡದ್ದೇ ಅದರ ಪಾಲಿಗೆ ಇತಿಹಾಸ. ಪಕ್ಕದಲ್ಲೇ ಹರಿಯುವ ಹೊಳೆಯ ಹೆಸರು ಚಂದ್ರಗಿರಿ, ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೂ ಅದೇ ಹೆಸರು. ಎರಡನ್ನೂ ಚಂದ್ರಗುಪ್ತನಿಗೆ ಗಂಟುಹಾಕಿ ಕಥೆ ಹೇಳುವವರಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಹೆಸರು ಕೂಡಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ ಎಂದು ಮಕ್ಕಳಿಗೆ ಒಂದು ಮಾತು ಸೇರಿಸಿ ಹೇಳಿದರೆ ಸಾಕು.

ಕಾಸರಗೋಡು ಜಿಲ್ಲೆಯವರೇ ಆದ ಮಂಜೇಶ್ವರದ ಗೋವಿಂದ ಪೈಗಳು (1883–1963) ಇದಕ್ಕೆ ಒಳ್ಳೆಯ ಮಾದರಿ. ಶಾಸನ, ತಿಥಿ, ವಾರಗಳನ್ನು ತಾಳೆಹಾಕಿ ಕಾಲನಿರ್ಣಯ ಮಾಡುವಾಗ ಅವರು ಕಟ್ಟುನಿಟ್ಟಿನ ಸಂಶೋಧಕರು. ಅದೇ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಗೊಲ್ಗೊಥಾದಲ್ಲಿ, ಬುದ್ಧನ ಕೊನೆಯ ದಿನವನ್ನು ವೈಶಾಖಿಯಲ್ಲಿ ಕವಿಯಾಗಿ ಕಲ್ಪಿಸಿ ಕಂಡರು. ಎರಡು ಕೆಲಸಗಳನ್ನೂ ಮಾಡಿದರು, ಒಂದನ್ನು ಇನ್ನೊಂದರೊಳಗೆ ತುರುಕಲಿಲ್ಲ. ಗುಜರಾತಿ ಬಂಧುಗಳು ರೋಜಮೇಳ ಎನ್ನುವುದನ್ನು ಕನ್ನಡದ ವ್ಯಾಪಾರಿ ಕಿರ್ದಿ ಎನ್ನುತ್ತಾನೆ. ಯಾವ ಹೆಸರಿನಿಂದ ಕರೆದರೂ ಅದರಲ್ಲಿ ಅಂದು ನಡೆದ ವ್ಯವಹಾರವಷ್ಟೇ ಬರಬೇಕು. ಮಗಳ ಮದುವೆಗೆ ಎಷ್ಟು ಬಂಗಾರ ಮಾಡಿಸಬೇಕೆಂಬ ಕನಸನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ.

ರನ್ನನ ನಾಟಕಗಳು ಸಾಮಾನ್ಯವಾಗಿ ಬಿರುದಿನ ದೃಶ್ಯದಲ್ಲಿ ಮುಗಿಯುತ್ತವೆ: ಸಿಂಹಾಸನದ ಮೇಲೆ ಅರಸ, ಮುಂದೆ ತಲೆಬಾಗಿದ ಕವಿ, ಮೇಲಿನಿಂದ ಹೂಮಳೆ. ಅದಕ್ಕೆ ಬದಲಾಗಿ, ಕಲ್ಪನೆಯ ಅವಶ್ಯಕತೆ ಅಷ್ಟಾಗಿ ಇಲ್ಲದ ದೃಶ್ಯವೊಂದು ದಾಖಲೆಯಲ್ಲಿಯೇ ಇದೆ. ರನ್ನನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಪತ್ನಿಯರು. ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ ಹೆಸರಿಡಬೇಕಾಗಿ ಬಂದಾಗ ಕವಿಚಕ್ರವರ್ತಿಯು ಮಗನನ್ನು ರಾಯ ಎಂದು ಕರೆದ, ಮಗಳನ್ನು ಅತ್ತಿಮಬ್ಬೆ ಎಂದು ಕರೆದ.