ಬರಗಾಲದ ಪಾಲನ್ನು ಯಾವಾಗ ಗೊತ್ತುಮಾಡತಕ್ಕದ್ದು?

ಕೆರೆಯ ಕೆಳಗಣ ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಯನ್ನು ನೀವು ಬಲ್ಲಿರಿ. ಕೆರೆಯು ಅರೆ ತುಂಬಿದ ವರುಷದಲ್ಲಿ ಆತನು ತೂಬಿನ ಬಳಿಯ ಗದ್ದೆಯನ್ನು ತಣಿಸಿ ಕಡೆಯ ಗದ್ದೆಯನ್ನು ಒಣಗಗೊಡುವದಿಲ್ಲ. ಇದ್ದದ್ದನ್ನೇ ಎಲ್ಲರಿಗೂ ಅಳತೆಯಂತೆ ಹಾಯಿಸುವನು. ಇದನ್ನು ನ್ಯಾಯವೆಂದು ಒಪ್ಪುವ ನಾವು, ಒಂದು ಹೊಳೆಯ ಮೇಲಣ ನಾಡೂ ಕೆಳಗಣ ನಾಡೂ ಹಾಗೆಯೇ ನಡೆಯಬೇಕೆಂದರೆ ಯಾಕೆ ಹಿಂದೆಗೆಯುತ್ತೇವೆ?

ಕಾವೇರಿಯ ಸಂಗತಿಯನ್ನು ನೋಡಿರಿ. ಅದರ ನೀರಿನ ವಿಷಯವಾಗಿ ಮೈಸೂರಿಗೂ ಮದ್ರಾಸಿಗೂ 1892ರಲ್ಲಿಯೂ 1924ರಲ್ಲಿಯೂ ಒಡಂಬಡಿಕೆಗಳಾದವು. 1990ರಲ್ಲಿ ನ್ಯಾಯಮಂಡಳಿಯು ಏರ್ಪಟ್ಟು 2007ರಲ್ಲಿ ತೀರ್ಪು ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ, ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ನೀರೆಂದು ಗೊತ್ತುಮಾಡಿತು. ನೂರು ಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಕೊರತೆಯ ವರುಷದಲ್ಲಿ ಎಲ್ಲರ ಪಾಲೂ ಪ್ರಮಾಣಾನುಸಾರ ಇಳಿಯಬೇಕೆಂಬದೂ ತೀರ್ಪಿನಲ್ಲಿ ಉಂಟು. ಆದರೂ 2023ರಲ್ಲಿ ಮಳೆಯು ತಪ್ಪಿ, ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟಾಗ, ಆ ಇಳಿಕೆಯನ್ನು ಅಳೆಯುವದು ಹೇಗೆಂಬದರಲ್ಲಿಯೇ ವ್ಯಾಜ್ಯವು ಹುಟ್ಟಿತು.

ಇಂಥ ವರುಷಗಳು ಇನ್ನೂ ಬರುವವು. ಯಾಕಂದರೆ ಲೋಕದ ಗಾಳಿಯು ಬಿಸಿಯಾಗುತ್ತಿದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದು ನೂರಕ್ಕೆ ಸುಮಾರು 7ರಷ್ಟು ಹೆಚ್ಚಾಗಿ ಆವಿಯನ್ನು ಹಿಡಿಯಬಲ್ಲದು. ಆದದರಿಂದ ಮಳೆಯು ಬಂದರೆ ಒಮ್ಮೆಗೇ ಸುರಿಯುವದು, ಹೋದರೆ ಬಹುದಿನ ಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮಳೆಗೆ ಕುಸಿದವು. ಐದೇ ವರುಷಗಳಲ್ಲಿ ಅದೇ ಹೊಳೆಯ ಸೀಮೆಯು ಬರವನ್ನು ಕಂಡಿತು.

“ನಮ್ಮ ಪೈರು ಬಾಡುತ್ತಿರುವಾಗ ಕೆಳಗಿನವರಿಗೆ ನೀರು ಬಿಡುವದು ಹೇಗೆ?” ಎಂದು ಮಂಡ್ಯದ ಬೇಸಾಯಗಾರನು ಕೇಳುವನು. ಇದು ಹಗುರವಾದ ಪ್ರಶ್ನೆಯಲ್ಲ. ಆತನನ್ನು ಸ್ವಾರ್ಥಿಯೆಂದು ಜರೆಯುವದು ನಮಗೆ ಯುಕ್ತವಲ್ಲ. ಆದರೆ ತಂಜಾವೂರಿನ ಬೇಸಾಯಗಾರನೂ ಅದೇ ಸಂಕಟದಿಂದ ಮಾತಾಡುತ್ತಾನೆ. ಬಾಯಾರಿದ ಇಬ್ಬರು ಒಂದೇ ಕೊಡವನ್ನು ಹಿಡಿದೆಳೆದರೆ ನೀರು ನೆಲಕ್ಕೆ ಚೆಲ್ಲುವದೇ ಹೊರತು ಯಾರ ಬಾಯಿಗೂ ಬೀಳದು.

ಹೀಗಿರಲಾಗಿ, ಕೊರತೆಯ ಲೆಕ್ಕವನ್ನು ಕಟ್ಟೆಗಳು ತುಂಬಿರುವ ವರುಷದಲ್ಲಿಯೇ ಉಭಯರೂ ಕೂತು ಮಾಡತಕ್ಕದ್ದು. ಕುಡಿಯುವ ನೀರಿಗೆ ಎಷ್ಟು ತೆಗೆದಿಡಬೇಕು, ಮಳೆ ತಡೆದರೆ ಯಾರು ಕಬ್ಬನ್ನು ಬಿಡಬೇಕು, ಯಾರು ಭತ್ತದ ಬದಲಾಗಿ ರಾಗಿಯನ್ನೋ ಕಾಳನ್ನೋ ಬಿತ್ತಬೇಕು ಎಂಬದೆಲ್ಲಾ ಮುಂಚಿತವಾಗಿ ಬರೆದಿರಬೇಕು. ಮೇಲಿನವನು ಬಿಡುವದು ಧರ್ಮವಲ್ಲ, ಸಾಲ; ಕೆಳಗಿನವನು ಮಿತವಾಗಿ ಬಳಸುವದೂ ಅಂಥದೇ ಸಾಲ. ಕೆರೆ ಬತ್ತಿದ ಮೇಲೆ ತೂಬಿನ ಬಳಿ ನಿಂತು ಜಗಳವಾಡುವವನಿಗೆ ನೀರುಗಂಟಿಯಾದರೂ ಏನು ಹಂಚಿಯಾನು?