ಕೇಳಿದ ರಾಗವನ್ನೇ ಕೇಳುವ ಆಸೆ

ಮುಂಜಾನೆಯ ಮೆಟ್ರೊ ಕೆ.ಆರ್. ಪುರದಿಂದ ಹೊರಟು ಇಂದಿರಾನಗರ, ಹಲಸೂರು ದಾಟುವ ಹೊತ್ತಿಗೆ ಬೋಗಿಯಲ್ಲಿ ಬಹುಮಟ್ಟಿಗೆ ಮೌನವಿರುತ್ತದೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣಿನಲ್ಲಿ ಅರೆನಿದ್ರೆ. ಕೈಗಳು ಮಾತ್ರ ಎಚ್ಚರ. ಕೆಲವರ ಬೆರಳು ಚೀಲದ ಮೇಲೆ ತಾಳ ಹಾಕುತ್ತದೆ. ಇನ್ನು ಕೆಲವರ ಹೆಬ್ಬೆರಳು ಕಾಣದ ಗುಂಡಿಗಳನ್ನು ಒತ್ತುತ್ತದೆ. ಎಡ, ಮೇಲೆ, ಬಲ. ಮತ್ತೆ ಎಡ, ಮೇಲೆ, ಬಲ. ಬಲ್ಲವರಿಗೆ ಆ ಆರು ಒತ್ತುಗಳ ಗುರುತು ಹತ್ತುತ್ತದೆ. ಅದು ಜೆಲ್ಡಾ ರಾಜಕುಮಾರಿಯ ಜೋಗುಳ.

1998ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರೀನಾ ಆಫ್ ಟೈಮ್’ ಎಂಬ ವಿಡಿಯೊ ಗೇಮಿನಲ್ಲಿ ಬಾಲನಾಯಕನ ಕೈಗೆ ಒಂದು ಪುಟ್ಟ ಊದುವಾದ್ಯ ಬರುತ್ತದೆ. ಜೋಗುಳ ನುಡಿಸಿದರೆ ಭೋರ್ಗರೆಯುವ ಜಲಪಾತ ಶಾಂತವಾಗಿ ದಾರಿ ಬಿಡುತ್ತದೆ. ಇನ್ನೊಂದು ಧಾಟಿಗೆ ಇರುಳು ಹಗಲಾಗುತ್ತದೆ. ಮತ್ತೊಂದಕ್ಕೆ ಮಳೆ ಬರುತ್ತದೆ. ಎಟ್ಟಯಪುರದ ಬರಗಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ಹಾಡಿ ಮಳೆ ತರಿಸಿದರೆಂಬ ಐತಿಹ್ಯ ಕೇಳಿ ಬೆಳೆದ ನಮಗೆ ಈ ಕಲ್ಪನೆ ಪರಕೀಯವೇನಲ್ಲ. ವಿಶೇಷವಿರುವುದು ಬೇರೆ ಕಡೆ. ಅಲ್ಲಿ ನುಡಿಸುವವನು ಆಡುವವನೇ. ಸ್ವರ ತಪ್ಪಿದರೆ ಮಳೆ ಇಲ್ಲ. ಹೀಗಾಗಿ ಆ ಸಂಗೀತ ಒಂದು ತಲೆಮಾರಿನ ಕಿವಿಯಲ್ಲಿ ಎಷ್ಟಿದೆಯೋ ಕೈಯಲ್ಲಿಯೂ ಅಷ್ಟೇ ಇದೆ.

ಈಗ ಜೆಲ್ಡಾ ಸರಣಿಯ ಕಥೆ ಚಲನಚಿತ್ರವಾಗುತ್ತಿದೆ. 2023ರ ನವೆಂಬರಿನಲ್ಲಿ ನಿಂಟೆಂಡೊ ಅದನ್ನು ಪ್ರಕಟಿಸಿತು. ನಿರ್ದೇಶನ ವೆಸ್ ಬಾಲ್ ಅವರದು. ಅಂದಿನಿಂದ ಅಭಿಮಾನಿಗಳ ನಡುವೆ ಸುಳಿಯುತ್ತಿರುವ ಪ್ರಶ್ನೆಗಳಲ್ಲಿ ಒಂದು ತೀರ ಆಪ್ತವಾದದ್ದು: ಹಳೆಯ ಸ್ವರಗಳು ಇರುತ್ತವೆಯೇ? ಈ ಆತಂಕ ನಿರಾಧಾರವಲ್ಲ. 2001ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಹೆಸರಿನಲ್ಲಿ ಬಂದ ಚಿತ್ರವನ್ನು ನಿರ್ದೇಶಿಸಿದವರು ಆ ಆಟದ ಜನಕ ಹಿರೊನೊಬು ಸಕಾಗುಚಿ ಅವರೇ. ಆದರೆ ಸಂಗೀತ ಆಟದ ನೊಬುವೊ ಉಯೆಮಾತ್ಸು ಅವರದಾಗಿರಲಿಲ್ಲ, ಎಲಿಯಟ್ ಗೋಲ್ಡೆಂಥಾಲ್ ಅವರದಾಗಿತ್ತು. ವಿದ್ವತ್ಪೂರ್ಣ ರಚನೆ. ಆದರೂ ಮನೆಯವರ ದನಿ ಕೇಳಬಹುದೆಂದು ಬಂದವರಿಗೆ ಅದು ಕೇಳಿಸಲಿಲ್ಲ. ಅದೇ ಸರಣಿಯ 2005ರ ‘ಅಡ್ವೆಂಟ್ ಚಿಲ್ಡ್ರನ್’ ಚಿತ್ರಕ್ಕೆ ಉಯೆಮಾತ್ಸು ಮರಳಿದಾಗ ಆ ಕೊರತೆ ನೀಗಿತು. 2023ರ ಮಾರಿಯೊ ಚಿತ್ರದಲ್ಲಿ ಬ್ರಯನ್ ಟೈಲರ್ ಹಳೆಯ ಧಾಟಿಗಳನ್ನು ಶ್ರದ್ಧೆಯಿಂದ ಹೆಣೆದರು. ಅಷ್ಟಾದರೂ ಕೆಲವು ದೃಶ್ಯಗಳಿಗೆ ಎಂಬತ್ತರ ದಶಕದ ಜನಪ್ರಿಯ ಗೀತೆಗಳು ಬಂದು ಕೂತಾಗ, ಆ ಜಾಗದಲ್ಲಿ ಆಟದ ಸಂಗೀತವೇ ಇರಬೇಕಿತ್ತೆಂದು ನೊಂದವರಿದ್ದರು. ಇದ್ದದ್ದರ ತೃಪ್ತಿಗಿಂತ ಇಲ್ಲದ್ದರ ವ್ಯಥೆ ನಮ್ಮಲ್ಲಿ ಯಾವಾಗಲೂ ಒಂದು ಹೆಜ್ಜೆ ಮುಂದೆ.

ನಾವು ಬಯಸುವುದಾದರೂ ಏನನ್ನು? ಉತ್ತಮ ಸಂಗೀತವನ್ನು ಎಂದು ಹೇಳುತ್ತೇವೆ. ಒಳಗೆ ಇಳಿದು ನೋಡಿದರೆ ಬಯಕೆಯ ಬೇರು ಇನ್ನೂ ಆಳದಲ್ಲಿದೆ. ಪರೀಕ್ಷೆ ಮುಗಿದ ಬೇಸಿಗೆ, ಮಂಚದ ತುದಿಯಲ್ಲಿ ಒತ್ತಿಕೊಂಡು ಕೂತ ತಮ್ಮ, ಅಡುಗೆಮನೆಯಿಂದ ಮೂರನೆಯ ಸಲ ಬಂದ ಊಟದ ಕರೆ, ಇವೆಲ್ಲ ಆ ಧಾಟಿಯಲ್ಲಿ ಸೇರಿಹೋಗಿವೆ. ಸಂಗೀತಕಾರನಿಗೆ ನೂರು ವಾದ್ಯಗಳ ವೃಂದ ಸಿಗಬಹುದು. ನಮ್ಮ ಆ ಬೇಸಿಗೆ ಸಿಗುವುದಿಲ್ಲ. ಅವನ ಬಳಿ ಎಂದೂ ಇಲ್ಲದಿದ್ದ ವಸ್ತುವನ್ನು ನಾವು ಅವನಿಂದ ಕೇಳುತ್ತಿದ್ದೇವೆ. ಅದರ ಜೊತೆಗೆ ಎರಡು ಕಲೆಗಳ ಸ್ವಭಾವವೂ ಬೇರೆ. ಆಟದ ಸಂಗೀತ ಕಾಯುತ್ತದೆ. ಬೆಟ್ಟದ ನೆತ್ತಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೆ ಅದೂ ನಮ್ಮೊಂದಿಗೆ ಆವರ್ತ ಆವರ್ತವಾಗಿ ನಿಂತಿರುತ್ತದೆ. ಚಿತ್ರದ ಸಂಗೀತಕ್ಕೆ ಆ ಪುರುಸೊತ್ತಿಲ್ಲ. ದೃಶ್ಯ ಮುಗಿದೊಡನೆ ಅದು ಹೊರಡಲೇಬೇಕು. ವಾದ್ಯ ನಮ್ಮ ಕೈಬಿಟ್ಟು ಬೇರೊಬ್ಬರ ಕೈ ಸೇರಿದೆ. ಈ ಸಣ್ಣ ವಿಯೋಗವನ್ನೇ ನಾವು ಎಷ್ಟೋ ಸಲ ಸಂಗೀತದ ದೋಷವೆಂದು ಭಾವಿಸುತ್ತೇವೆ.

ಜೆಲ್ಡಾದ ಮೂಲಧಾಟಿಯ ಜನ್ಮವೃತ್ತಾಂತ ಇಲ್ಲಿ ಸ್ಮರಣೀಯ. 1986ರ ಮೊದಲ ಆಟಕ್ಕೆ ಸಂಗೀತ ನೀಡಿದವರು ಕೋಜಿ ಕೊಂಡೊ. ಆರಂಭದ ದೃಶ್ಯಕ್ಕೆ ಅವರು ಆಯ್ದುಕೊಂಡಿದ್ದು ಫ್ರೆಂಚ್ ಸಂಗೀತಕಾರ ಮಾರಿಸ್ ರಾವೆಲ್ ಅವರ ‘ಬೊಲೆರೊ’. ಅದರ ಹಕ್ಕುಸ್ವಾಮ್ಯದ ಅವಧಿ ಇನ್ನೂ ಮುಗಿದಿಲ್ಲವೆಂದು ಕೊನೆಯ ಗಳಿಗೆಯಲ್ಲಿ ತಿಳಿಯಿತು. ಒಂದೇ ದಿನದಲ್ಲಿ ಅವರು ಬೇರೆ ಸಂಗೀತವನ್ನು ಸಿದ್ಧಪಡಿಸಿದರು, ಅದೂ ಏಕಕಾಲಕ್ಕೆ ಬೆರಳೆಣಿಕೆಯಷ್ಟು ಸ್ವರಗಳನ್ನು ಮಾತ್ರ ನುಡಿಸಬಲ್ಲ ಯಂತ್ರಕ್ಕಾಗಿ. ಇಂದು ಯಾವುದನ್ನು ಬದಲಿಸಲೇಬಾರದೆಂದು ಹಂಬಲಿಸುತ್ತೇವೋ ಅದು ಅಂದು ಬದಲಿಯಾಗಿ ಬಂದದ್ದು. ಅದಕ್ಕೆ ಈ ಪಾವಿತ್ರ್ಯವನ್ನು ಕೊಟ್ಟವರು ಕೇಳಿದವರು; ಕೊಟ್ಟದ್ದು ನಿಧಾನವಾಗಿ, ಹಲವು ವರ್ಷಗಳಲ್ಲಿ.

ಇದೇ ಮೆಟ್ರೊ ಹಾದಿಯ ಇಂದಿರಾನಗರದಲ್ಲಿ ಪುರಂದರ ಭವನವಿದೆ. ಅಲ್ಲಿ ದಾಸರ ಪದಗಳನ್ನು ಕೇಳುವಾಗ ನಮ್ಮ ಮನಸ್ಸು ಎಷ್ಟು ಉದಾರವಾಗಿರುತ್ತದೆ! ಪುರಂದರದಾಸರು ತಾವೇ ಹಾಡಿದ ಧಾಟಿಗಳು ಬಹುತೇಕ ಉಳಿದುಬಂದಿಲ್ಲ. ಇಂದು ನಾವು ಹಾಡುವ ಎಷ್ಟೋ ಮಟ್ಟುಗಳು ನಂತರದವರು ಕೂರಿಸಿದವು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಮಧ್ಯಮಾವತಿಯಲ್ಲಿಯೂ ನಮ್ಮದು, ಭೀಮಸೇನ ಜೋಶಿಯವರ ಹಿಂದುಸ್ತಾನಿ ಶೈಲಿಯಲ್ಲಿಯೂ ನಮ್ಮದು. ಒಂದೇ ಮನೆಯ ಶುಕ್ರವಾರದ ಪೂಜೆಯಲ್ಲಿ ಎರಡೂ ಕೇಳಿಬಂದರೂ ಯಾರೂ ನೊಂದುಕೊಳ್ಳುವುದಿಲ್ಲ. ಹಾಗೆಂದು ಹಿರಿಯರ ಕಿವಿ ವಿಶಾಲ, ಕಿರಿಯರದು ಸಂಕುಚಿತ ಎಂದು ತೀರ್ಮಾನಿಸಲಾಗದು. ಡಾ. ರಾಜ್‌ಕುಮಾರ್ ಅವರೋ ಪಿ.ಬಿ. ಶ್ರೀನಿವಾಸ್ ಅವರೋ ಹಾಡಿದ ಗೀತೆಯ ಮಟ್ಟನ್ನು ಯಾರಾದರೂ ಬದಲಿಸಿ ಹಾಡಲಿ, ಅದೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ.

ವ್ಯತ್ಯಾಸದ ಮೂಲ ನಾವು ಕೇಳಿಸಿಕೊಂಡ ಬಗೆಯಲ್ಲಿದೆ. ಕಂಠದಿಂದ ಕಂಠಕ್ಕೆ ಬಂದ ಪದ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಅಜ್ಜಿ ಎಳೆದಲ್ಲಿ ಅಮ್ಮ ಎಳೆಯುವುದಿಲ್ಲ. ಆದ್ದರಿಂದ ಸ್ಮರಣೆಯೂ ಮೃದುವಾಗಿ ಉಳಿಯುತ್ತದೆ, ಮನೋಧರ್ಮಕ್ಕೆ ಅವಕಾಶ ಬಿಡುತ್ತದೆ. ಶಿವಾಜಿನಗರದ ಎಲ್ಗಿನ್‌ನಂಥ ಹಳೆಯ ಚಿತ್ರಮಂದಿರಗಳು ಮೂಕಿಚಿತ್ರ ತೋರಿಸುತ್ತಿದ್ದ ಯುಗದಲ್ಲಿ ಚಿತ್ರದೊಳಗೆ ಸಂಗೀತವೇ ಇರಲಿಲ್ಲ. ಪರದೆಯ ಪಕ್ಕ ಕೂತವರು ನುಡಿಸಿದ್ದೇ ಸಂಗೀತ. ಊರು ಬದಲಾದರೆ ಅದೇ ಚಿತ್ರದ ನಾದವೂ ಬದಲಾಗುತ್ತಿತ್ತು. ಧ್ವನಿಮುದ್ರಣ ಬಂದಮೇಲೆ ಪುನರಾವರ್ತನೆ ನಿಷ್ಕೃಷ್ಟವಾಯಿತು. ವಿಡಿಯೊ ಗೇಮಿನಲ್ಲಿ ಅದು ಪರಾಕಾಷ್ಠೆ ಮುಟ್ಟಿದೆ. ಅದೇ ಧಾಟಿ, ಅದೇ ಕಾಲಪ್ರಮಾಣ, ಒಂದು ಸಂಜೆಯಲ್ಲೇ ಹತ್ತಾರು ಆವರ್ತನ, ಹೀಗೆ ತಿಂಗಳುಗಟ್ಟಲೆ. ಇಷ್ಟು ನಿಖರವಾಗಿ ಕೆತ್ತಿದ ರೇಖೆಯ ಮೇಲೆ ಹೊಸದೊಂದು ಸ್ವರ ಸ್ವಲ್ಪ ಆಚೆ ಬಿದ್ದರೂ ಕಿವಿಗೆ ಚುಚ್ಚುತ್ತದೆ. ಇದರಲ್ಲಿ ಯಾರ ಅಪರಾಧವೂ ಇಲ್ಲ. ಪ್ರೀತಿ ತನ್ನ ವಸ್ತುವನ್ನು ಮೊದಲು ಕಂಡ ರೂಪದಲ್ಲಿಯೇ ಕಾಣಬಯಸುತ್ತದೆ. ಬಹುಕಾಲದ ಮೇಲೆ ಮನೆಗೆ ಬಂದ ಮಕ್ಕಳ ಮುಖದಲ್ಲಿ ಹಳೆಯ ಮುಖವನ್ನೇ ಅರಸುವ ತಾಯಿಯದೂ ಇದೇ ಕಣ್ಣು.

ಆದ್ದರಿಂದ ಅಭಿಮಾನಿಗಳ ಬೇಡಿಕೆಯನ್ನು ಬಾಲಿಶವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೂಲಧಾಟಿ ಚಿತ್ರದಲ್ಲಿ ಇರಲೇಬೇಕು. ಅದಿಲ್ಲದೆ ಆ ಕಥೆಗೆ ಉಸಿರಿಲ್ಲ. ಆದರೆ ಪ್ರತಿ ದೃಶ್ಯದಲ್ಲಿಯೂ ತುತ್ತೂರಿಗಳ ಘೋಷದೊಂದಿಗೆ ಬರಬೇಕಿಲ್ಲ. ಆಲಾಪನೆಯಲ್ಲಿ ಗಾಯಕ ರಾಗದ ಹೆಸರು ಹೇಳದೆಯೇ ಎರಡು ಸ್ವರಗಳಲ್ಲಿ ಅದರ ಛಾಯೆ ತೋರಿಸಿ ಮುಂದೆ ಸಾಗುತ್ತಾನೆ. ಆ ಮಾರ್ಗವೂ ತೆರೆದಿದೆ. ಎಲ್ಲಿ ಎಷ್ಟು ಎಂಬ ವಿವೇಕವನ್ನು ಹೊಸ ಸಂಗೀತಕಾರನಿಗೆ ಬಿಡುವುದು ನಮ್ಮ ಪಾಲಿನ ಔದಾರ್ಯ.

1986ರಲ್ಲಿ ಕೊಂಡೊ ಅವರಿಗೆ ಒಂದು ಭಾಗ್ಯವಿತ್ತು. ಅವರ ಮುಂದೆ ಯಾವ ನಿರೀಕ್ಷೆಯೂ ಇಲ್ಲದ ಕಿವಿಗಳಿದ್ದವು. ಚಿತ್ರ 2027ರಲ್ಲಿ ತೆರೆಗೆ ಬರಲಿದೆ. ನಮ್ಮ ಊರಿನ ಯಾವುದೋ ಚಿತ್ರಮಂದಿರದ ಕತ್ತಲಲ್ಲಿ ಕೂತಾಗ, ಮೊದಲ ಸಲವಾದರೂ ಹಳೆಯದನ್ನು ಹುಡುಕದೆ ಕೇಳೋಣ. ಹುಡುಕುವುದಕ್ಕೆ ಎರಡನೆಯ ಸಲ ಹೋಗಬಹುದು.