ಮಾಲೆ ತೆಗೆದ ಮರುದಿನ



ಸ್ವಾಮಿಗಳೇ, ಮಂಡಲದ 41 ದಿನ ಕುಡಿಯದೆ ಇರುವುದು ನನಗೆ ಅಷ್ಟು ಕಷ್ಟ ಅನಿಸಲಿಲ್ಲ. ಕೊರಳಲ್ಲಿ ಮಾಲೆ, ಬೆಳಿಗ್ಗೆ ತಣ್ಣೀರ ಸ್ನಾನ, ಸಂಜೆ ಭಜನೆ, ಎಲ್ಲರ ಬಾಯಲ್ಲೂ ‘ಸ್ವಾಮಿ’. ಕಷ್ಟವಾದದ್ದು ಮಾಲೆ ತೆಗೆದ ಮರುದಿನ. ಪುಣೆಯ ಬಾಡಿಗೆ ರೂಮು, ನೈಟ್ ಶಿಫ್ಟ್ ಮುಗಿಸಿ ಬಂದವನು ನಾನೊಬ್ಬನೇ. ಎದೆ ಭಾರವಾಗಿ ಗುರುಸ್ವಾಮಿಗೆ ಫೋನ್ ಮಾಡಿದೆ.

“ಮಾಲೆ ಇಳಿದದ್ದು ಕೊರಳಿಂದ. ಸನ್ನಿಧಾನದಲ್ಲಿ ‘ತತ್ತ್ವಮಸಿ’ ಅಂತ ಬರೆದದ್ದು ನೋಡಿದಿರಲ್ಲ ಸ್ವಾಮಿ? ಅದು ನೀವೇ. ಇವತ್ತೂ ನೀವೇ,” ಅಂದರು.

ಅಂದಿನಿಂದ ಸ್ನಾನ, ದೀಪ, ಶರಣು ಬಿಟ್ಟಿಲ್ಲ. ಮನಸ್ಸು ಕುಸಿದರೆ ಮೊದಲು ಒಬ್ಬ ಸ್ವಾಮಿಗೆ ಕರೆ.

ದಿನವೂ ಹೆಚ್ಚು ಕುಡಿಯುವವರು ಮಾಲೆ ಹಾಕುವ ಮುಂಚೆ ಡಾಕ್ಟರನ್ನು ಕಾಣಿ. ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಮನಸ್ಸಿನ ನೋವಿಗೆ ಟೆಲಿ ಮಾನಸ್ 14416 ಉಚಿತ. ಸಹಾಯ ಕೇಳುವುದೂ ಶರಣಾಗತಿಯೇ.

ಸ್ವಾಮಿ ಶರಣಂ.